ಆಟದ ಪೆಟ್ಟಿಗೆಗೊಂದು ಪೊರೆ

ಕರುಮತ್ತಂಪಟ್ಟಿ ಎಂಬ ಊರಿನ ಹೆಸರನ್ನು ನಮ್ಮ ಓದುಗರಲ್ಲಿ ಹೆಚ್ಚಿನವರು ಕೇಳಿರಲಾರರು. ಕೊಯಮತ್ತೂರಿನಿಂದ ಅವಿನಾಶಿಗೆ ಹೋಗುವ ಹೆದ್ದಾರಿಯಲ್ಲಿ ಇಪ್ಪತ್ತೈದು ಮೂವತ್ತು ಕಿಲೋಮೀಟರು ಸಾಗಿದರೆ ಸಿಗುವ ಊರು ಅದು. ಹಳೆಯ ಜಪಮಾಲೆ ಮಾತೆಯ ಇಗರ್ಜಿಯೊಂದು ಅಲ್ಲಿದೆ. ಸುತ್ತುಮುತ್ತ ಎಲ್ಲಿ ಕಿವಿಗೊಟ್ಟರೂ ವಿದ್ಯುತ್ ಮಗ್ಗಗಳ ಖಟಪಟ. 2021ರಲ್ಲಿ ಈ ಊರಿಗೆ ಪಟ್ಟಣ ಪಂಚಾಯತಿನಿಂದ ನಗರಸಭೆಯ ಬಡ್ತಿ ದೊರೆಯಿತು. ಸೇಲಂನಿಂದ ಹೊರಟು ಈ ಊರನ್ನು ಹಾದು, ಪಾಲಕ್ಕಾಡು, ತ್ರಿಶ್ಶೂರು ದಾಟಿ ಬರುವ 544ನೆಯ ಹೆದ್ದಾರಿ ಕೊನೆಗೆ ಕೊಚ್ಚಿಯ ಇಡಪ್ಪಳ್ಳಿಯಲ್ಲಿ ಸೇರುವುದು ನಮ್ಮ ಕಾಸರಗೋಡಿನ 66ನೆಯ ಹೆದ್ದಾರಿಯನ್ನೇ. ಅಂದಮೇಲೆ ಅದು ನಮಗೆ ತೀರ ಹೊರಗಿನ ಊರೆಂದೂ ಹೇಳುವಂತಿಲ್ಲ.

ನಾವು ಅಲ್ಲಿಗೆ ಹೋದದ್ದು ಹಳೆಯ ಸ್ನೇಹಿತರೊಬ್ಬರ ಮನೆಗೆ. ಬಟ್ಟೆ ವ್ಯಾಪಾರದ ನಿಮಿತ್ತ ಅವರು ಕಾಸರಗೋಡಿಗೆ ಬಂದು ಹೋಗುತ್ತಿದ್ದ ಕಾಲದಲ್ಲಿ ಆದ ಪರಿಚಯ. ತಮಿಳುನಾಡಿನವರೆಂದು ನಾವು ಹರಕು ತಮಿಳಿನಲ್ಲಿ ಮಾತಿಗೆ ತೊಡಗಿದರೆ ಅವರು ಕನ್ನಡದಲ್ಲಿ ಉತ್ತರ ಕೊಟ್ಟು ನಮ್ಮನ್ನು ಬೆರಗುಗೊಳಿಸಿದ್ದರು. ಕೊಯಮತ್ತೂರು, ತಿರುಪ್ಪೂರು ಕಡೆಯ ದೇವಾಂಗರ ಮನೆಮಾತು ಕನ್ನಡ. ತಲೆಮಾರುಗಳ ಹಿಂದೆ ಬಂದು ನೆಲೆಸಿದ ನೇಕಾರರು, ಕುಲದೇವತೆ ಚೌಡೇಶ್ವರಿ. ಅವರ ಬಾಯಲ್ಲಿ ಅವಳು ಸೌಡೇಶ್ವರಿ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಮಲಯಾಳದ ನಡುವೆ ಬದುಕುವ ನಮಗೆ ಈ ಏರ್ಪಾಡನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ವ್ಯತ್ಯಾಸ ಒಂದೇ. ನಮ್ಮ ಮಕ್ಕಳಿಗೆ ಕನ್ನಡ ಶಾಲೆಗಳಿವೆ. ಆ ಮನೆಯಲ್ಲಿ ಕನ್ನಡ ಅಕ್ಷರ ಓದಬಲ್ಲವರು ಒಬ್ಬರೂ ಇಲ್ಲ.

ಆದರೆ ನಾವಿಂದು ಬರೆಯಹೊರಟದ್ದು ಭಾಷೆಯ ಬಗ್ಗೆಯಲ್ಲ. ಆ ಮನೆಯ ಹುಡುಗನ ಕೈಯಲ್ಲಿದ್ದ ಆಟದ ಪೆಟ್ಟಿಗೆಯ ಬಗ್ಗೆ, ಅದರ ಮೇಲೆ ಅವನು ಅಂಟಿಸಿದ್ದ ಹೊದಿಕೆಯ ಬಗ್ಗೆ. ಭಾಷೆಯ ಮಾತು ತಾನಾಗಿಯೇ ಮತ್ತೆ ಬರುತ್ತದೆ.

ಪೊರೆ ಎಂದರೇನು?

ಹುಡುಗ ಇಂಜಿನಿಯರಿಂಗ್ ಕಾಲೇಜಿನ ಎರಡನೆಯ ವರ್ಷದಲ್ಲಿದ್ದಾನೆ. ಕೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮ್ ಯಂತ್ರವೊಂದು ಅವನ ಬಳಿ ಇದೆ. ನಿಂಟೆಂಡೊ ಸ್ವಿಚ್ ಎಂದು ಅದರ ಹೆಸರು. ನಡುವೆ ಅಂಗೈಗಿಂತ ದೊಡ್ಡ ಪರದೆ, ಎರಡು ಪಕ್ಕಗಳಲ್ಲಿ ಗುಂಡಿಗಳುಳ್ಳ ಎರಡು ಹಿಡಿಗಳು. ಬೇಕಾದರೆ ಹಿಡಿಗಳನ್ನು ಬಿಚ್ಚಿ ಇಬ್ಬರು ಆಡಬಹುದು. ನಮ್ಮ ಜಿಲ್ಲೆಯ ಮಕ್ಕಳಿಗೆ ಇದು ಹೊಸದಲ್ಲ. ಗಲ್ಫಿನಿಂದ ಮಾವಂದಿರು ತರುವ ಪೆಟ್ಟಿಗೆಯಲ್ಲಿ ಹಾಲಿನ ಪುಡಿ, ಸೆಂಟು, ಟಾರ್ಚುಗಳ ಜೊತೆಗೆ ಈಗ ಇಂತಹವೂ ಇರುತ್ತವೆ.

ಅಂಗಡಿಯಿಂದ ಬರುವಾಗ ಇಂತಹ ಯಂತ್ರಗಳೆಲ್ಲ ಒಂದೇ ರೂಪ. ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಬೂದು, ಕಪ್ಪು ಪ್ಲಾಸ್ಟಿಕ್ಕು. ಹತ್ತು ಹುಡುಗರು ಕೂತು ಆಡಿದರೆ ಯಾವುದು ಯಾರದೆಂದು ತಿಳಿಯದು. ಅದಕ್ಕಾಗಿ ಅದರ ಮೈಯ ಅಳತೆಗೆ ಸರಿಯಾಗಿ ಕತ್ತರಿಸಿದ ತೆಳುವಾದ ಅಂಟುಹಾಳೆಯನ್ನು ಮೇಲೆ ಹೊದಿಸುತ್ತಾರೆ. ಗುಂಡಿಗಳಿಗೆ ತೂತು, ಗಾಳಿಯಾಡುವ ಸೀಳುಗಳಿಗೆ ಸೀಳು, ಎಲ್ಲ ಲೆಕ್ಕಾಚಾರವಾಗಿ ಇರುತ್ತದೆ. ಮರದ ಎಳೆಯ ಹಾಗೆ ಕಾಣುವುದು, ಕಲ್ಲಿನ ಹಾಗೆ ಕಾಣುವುದು, ಚಿತ್ರ ಅಚ್ಚೊತ್ತಿದ್ದು, ಬರಿಯ ಬಣ್ಣದ್ದು, ಹೀಗೆ ನೂರೆಂಟು ಬಗೆ. ಬೇಸರವಾದಾಗ ಕಿತ್ತು ಬೇರೆಯದನ್ನು ಹಾಕಬಹುದು ಎಂಬುದೇ ಅದರ ಹೆಚ್ಚುಗಾರಿಕೆ. ಇಂಗ್ಲಿಷಿನಲ್ಲಿ ‘ಸ್ಕಿನ್’ ಎನ್ನುತ್ತಾರೆ. ಚರ್ಮ ಎಂದರೆ ನಮಗೆ ಸರಿಹೋಗದು. ಹಾವು ಕಳಚಿಡುವ ಪೊರೆ ಎಂಬ ಮಾತು ನಮ್ಮಲ್ಲಿ ಇರುವಾಗ ಬೇರೆ ಮಾತೇಕೆ? ಪೊರೆ ಎಂದೇ ಕರೆಯೋಣ.

ಮೈಗೆ ಬಣ್ಣ ಬೇಕೆಂಬ ಆಸೆ ಆಡುವವರಿಗೆ ಮಾತ್ರವಲ್ಲ, ಯಂತ್ರ ಮಾಡುವವರಿಗೂ ಹಿಂದಿನಿಂದಲೇ ತಿಳಿದಿತ್ತು. ನಿಂಟೆಂಡೊ 1889ರಲ್ಲಿ ಜಪಾನಿನ ಕ್ಯೋಟೊ ನಗರದಲ್ಲಿ ಆಟದ ಎಲೆಗಳನ್ನು ತಯಾರಿಸಲು ಹುಟ್ಟಿದ ಸಂಸ್ಥೆ. 1980ರಲ್ಲಿ ಜೇಬಿನಲ್ಲಿಡುವ ಆಟದ ಯಂತ್ರವನ್ನೂ 1989ರಲ್ಲಿ ‘ಗೇಮ್ ಬಾಯ್’ ಎಂಬ ಬೂದು ಬಣ್ಣದ ಪೆಟ್ಟಿಗೆಯನ್ನೂ ಹೊರತಂದಿತು. ಬೂದು ಬಣ್ಣ ಜನರಿಗೆ ಹಳತಾಗುತ್ತಲೇ 1995ರಲ್ಲಿ ಅದೇ ಪೆಟ್ಟಿಗೆ ಕೆಂಪು, ಹಳದಿ, ಹಸಿರು ಬಣ್ಣಗಳಲ್ಲಿ ಬಂತು. ಒಳಗಿನ ಯಂತ್ರ ಹಳೆಯದೇ. 2017ರ ಮಾರ್ಚ್ 3ರಂದು ಬಿಡುಗಡೆಯಾದ ಸ್ವಿಚ್ ಈ ತನಕ 15 ಕೋಟಿಗೂ ಮಿಕ್ಕಿ ಮಾರಾಟವಾಗಿದೆ. ಹದಿನೈದು ಕೋಟಿ ಒಂದೇ ಮುಖಗಳ ನಡುವೆ ತನ್ನದು ಬೇರೆಯಾಗಿ ಕಾಣಲಿ ಎಂದು ಹುಡುಗನೊಬ್ಬ ಬಯಸಿದರೆ ಅದರಲ್ಲಿ ತಪ್ಪೇನು?

ಒಂದು ತೆಂಗಿನ ಚೂರಿನಷ್ಟು ಜಾಗ

ತಪ್ಪೇನಿಲ್ಲ. ಆದರೆ ಆ ಬಯಕೆಗೆ ಅವನು ತೆತ್ತ ಬೆಲೆಯನ್ನು ಅವನ ಬಾಯಿಂದಲೇ ಕೇಳಿದೆವು.

ಯಂತ್ರವನ್ನು ಅವನು ಹೊಸದಾಗಿ ಕೊಂಡದ್ದಲ್ಲ. ಶಾಲೆಯ ರಜೆಯಲ್ಲಿ ತಿರುಪ್ಪೂರಿನ ಬನಿಯನ್ ಕಾರ್ಖಾನೆಯೊಂದರಲ್ಲಿ ದುಡಿದು, ಅಜ್ಜಿ ಕೊಟ್ಟದ್ದನ್ನೂ ಸೇರಿಸಿ, ಹದಿನಾಲ್ಕು ಸಾವಿರಕ್ಕೆ ಯಾರೋ ಬಳಸಿ ಬಿಟ್ಟದ್ದನ್ನು ಕೊಂಡಿದ್ದ. ನೂರೈವತ್ತು ರೂಪಾಯಿ ಕೊಟ್ಟು ರಸ್ತೆಬದಿಯ ಅಂಗಡಿಯೊಂದರಲ್ಲಿ ಅದಕ್ಕೆ ಪೊರೆ ಅಂಟಿಸಿಕೊಂಡ. ಎಂಟು ತಿಂಗಳು ಸುಖವಾಗಿ ಕಳೆಯಿತು.

ಅಷ್ಟರಲ್ಲಿ 2025ರ ಮಾರ್ಚ್ ತಿಂಗಳು ಬಂತು. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಮಗ್ಗದವರು ಕೂಲಿ ಹೆಚ್ಚಳಕ್ಕಾಗಿ ಮುಷ್ಕರ ಹೂಡಿದರು. ಈ ಕಡೆಯ ಮಗ್ಗದವರಲ್ಲಿ ಹೆಚ್ಚಿನವರು ಸ್ವಂತ ಬಟ್ಟೆ ನೇಯುವವರಲ್ಲ. ಜವಳಿ ಉದ್ಯಮಿಗಳು ಕೊಡುವ ನೂಲನ್ನು ನೇಯ್ದು ಕೊಟ್ಟು ಮೀಟರಿಗೆ ಇಷ್ಟೆಂದು ಕೂಲಿ ಪಡೆಯುವವರು. ಕರೆಂಟಿನ ದರ ಏರಿತು, ಬಿಡಿಭಾಗಗಳ ಬೆಲೆ ಏರಿತು. ಕೂಲಿ ಮಾತ್ರ ಇದ್ದಲ್ಲೇ ಇತ್ತು. 2022ರ ಆರಂಭದಲ್ಲೂ ಇದೇ ಕಾರಣಕ್ಕೆ ಮಗ್ಗಗಳು ನಿಂತಿದ್ದವು. ಈ ಸಲವೂ ಏಪ್ರಿಲ್ ತನಕ ಶೆಡ್ಡುಗಳು ಮೌನವಾದವು. ಹಗಲೂ ರಾತ್ರಿಯೂ ಮಗ್ಗದ ಸದ್ದಿನಲ್ಲೇ ಮಲಗಿ ಎದ್ದವರಿಗೆ ಆ ಮೌನದಲ್ಲಿ ನಿದ್ದೆ ಬರುತ್ತಿರಲಿಲ್ಲವೆಂದು ಸ್ನೇಹಿತರು ಹೇಳಿದರು.

ಹುಡುಗನ ಪರೀಕ್ಷಾ ಶುಲ್ಕ ಕಟ್ಟುವ ದಿನ ಹತ್ತಿರವಾಗಿತ್ತು. ಅಪ್ಪನನ್ನು ಕೇಳಲು ಬಾಯಿ ಬರಲಿಲ್ಲ. ಆಟದ ಪೆಟ್ಟಿಗೆಯನ್ನೇ ಮಾರಿಬಿಡುತ್ತೇನೆಂದು ನಿಶ್ಚಯಿಸಿ, ಕೊಯಮತ್ತೂರಿನಲ್ಲಿ ಹಳೆಯ ಯಂತ್ರಗಳನ್ನು ಕೊಳ್ಳುವ ಅಂಗಡಿಯೊಂದರಲ್ಲಿ ಫೋನಿನಲ್ಲೇ ಹತ್ತು ಸಾವಿರಕ್ಕೆ ಮಾತಾಡಿಕೊಂಡ. ಹೊರಡುವ ಹಿಂದಿನ ರಾತ್ರಿ, ಯಂತ್ರ ಅದರ ಮೂಲರೂಪದಲ್ಲಿ ಕಾಣಲಿ ಎಂದು ಪೊರೆಯ ಮೂಲೆಯೊಂದನ್ನು ಉಗುರಿನಲ್ಲಿ ಎಬ್ಬಿಸಿ ಒಂದೇ ಸೆಳೆತಕ್ಕೆ ಕಿತ್ತ. ಪೊರೆ ಬಂತು. ಅದರ ಬೆನ್ನಿಗಂಟಿಕೊಂಡು ಬಲಗಡೆಯ ಹಿಡಿಯ ಮೇಲ್ಲೇಪವೂ ಬಂತು, ಒಂದು ತೆಂಗಿನ ಚೂರಿನಷ್ಟು ಅಗಲಕ್ಕೆ.

ಅಂಗಡಿಯವರು ಅದನ್ನು ಬೆಳಕಿಗೆ ಹಿಡಿದು ನೋಡಿ ಏಳು ಸಾವಿರ ಎಂದರು. ಹುಡುಗ ಮಾರದೆ ಹಿಂದಿರುಗಿದ. ಶುಲ್ಕದ ಹಣವನ್ನು ಅಪ್ಪ ನೂಲು ಕೊಡುವವರಲ್ಲಿ ಮುಂಗಡ ಪಡೆದು ಕಟ್ಟಬೇಕಾಯಿತು; ಮುಷ್ಕರದ ನಡುವೆ, ಯಾರ ವಿರುದ್ಧ ಕೂತಿದ್ದರೋ ಅವರಲ್ಲೇ ಕೈಯೊಡ್ಡಿ. “ಮೂರು ಸಾವಿರ ಹೋದದ್ದಕ್ಕಲ್ಲ ಮಾಮ, ಅಪ್ಪ ಆ ಮನೆಯ ಮೆಟ್ಟಲು ಹತ್ತಿದರಲ್ಲ, ಅದಕ್ಕೆ” ಎಂದು ಹುಡುಗ ತಲೆ ತಗ್ಗಿಸಿದ. ಅಪ್ಪ ಮಾತ್ರ ಆ ಕುರಿತು ಒಂದು ಮಾತೂ ಆಡಲಿಲ್ಲ; ನಮ್ಮೆದುರು ಕೂಡ.

ಕೆನಡಾದವರೂ ಸೋತದ್ದು

ಹುಡುಗನದು ಅಜಾಗರೂಕತೆ ಎಂದು ಯಾರಾದರೂ ಹೇಳಬಹುದು. ಆದರೆ ಇದೇ ಯಂತ್ರದ ವಿಷಯದಲ್ಲಿ ಬಲ್ಲವರೇ ಎಡವಿದ ದೃಷ್ಟಾಂತವಿದೆ. ಕೆನಡಾದ ಟೊರಾಂಟೊ ನಗರದಲ್ಲಿ ಡಿಬ್ರಾಂಡ್ ಎಂಬ ಸಂಸ್ಥೆಯಿದೆ. ಫೋನು, ಲ್ಯಾಪ್‌ಟಾಪು, ಆಟದ ಯಂತ್ರಗಳಿಗೆ ಪೊರೆ ತಯಾರಿಸುವುದೇ ಅದರ ಕಸುಬು. 2017ರ ಮಾರ್ಚಿನಲ್ಲಿ ಸ್ವಿಚ್ ಮಾರುಕಟ್ಟೆಗೆ ಬರುತ್ತಲೇ ಅವರು ಅದಕ್ಕೂ ಪೊರೆ ಸಿದ್ಧಪಡಿಸಿ ಮುಂಗಡ ಬೇಡಿಕೆ ಪಡೆದಿದ್ದರು. ಯಂತ್ರ ಕೈಗೆ ಬಂದು ಅಂಟಿಸಿ ಕಿತ್ತು ನೋಡಿದಾಗ ಹಿಡಿಗಳ ಮೇಲಿನ ಲೇಪ ಅಂಟಿನ ಜೊತೆಗೇ ಏಳುವುದು ಕಂಡುಬಂತು. ಅವರು ಮಾರಾಟವನ್ನೇ ರದ್ದು ಮಾಡಿದರು, ಕೊಂಡವರಿಗೆ ಹಣ ಹಿಂದಿರುಗಿಸಿದರು. ತಮ್ಮದಿರಲಿ, ಬೇರೆಯವರದಿರಲಿ, ಈ ಯಂತ್ರಕ್ಕೆ ಅಂಟುಹಾಳೆ ಹಾಕಬೇಡಿರೆಂದು ಜನರಿಗೆ ಎಚ್ಚರಿಕೆಯನ್ನೂ ಕೊಟ್ಟರು. ಮಾರಬೇಕಾದವನೇ ಕೊಳ್ಳಬೇಡಿ ಎನ್ನುವುದು ವ್ಯಾಪಾರದಲ್ಲಿ ಅಪರೂಪ.

ಆ ಎಚ್ಚರಿಕೆ ಕರುಮತ್ತಂಪಟ್ಟಿಯ ಹುಡುಗನಿಗೆ ತಲುಪಲು ಎಂಟು ವರ್ಷ ಬೇಕಾಯಿತು, ತಲುಪುವಾಗ ಕೈಮೀರಿತ್ತು.

ಹಲಸಿನ ಮೇಣದ ಪಾಠ

ಹೀಗೇಕಾಗುತ್ತದೆ? ಹುಡುಗ ಈಗ ಈ ವಿಷಯದಲ್ಲಿ ಪಂಡಿತ. ಅವನು ಹೇಳಿದ್ದನ್ನು ನಮಗೆ ಅರ್ಥವಾದ ಮಟ್ಟಿಗೆ ಹೇಳುತ್ತೇವೆ.

ಗೋಡೆಗೆ ಪೋಸ್ಟರು ಹಚ್ಚುವ ಮೈದಾ ಅಂಟು ಒಣಗಿ ಗಟ್ಟಿಯಾಗಿ ಹಿಡಿಯುತ್ತದೆ. ಪೊರೆಯ ಹಿಂದಿನ ಅಂಟು ಒಣಗುವುದೇ ಇಲ್ಲ. ನೀರೂ ಅಲ್ಲದ, ಗಟ್ಟಿಯೂ ಅಲ್ಲದ ಸ್ಥಿತಿಯಲ್ಲಿ ಅದು ಸದಾ ಇರುತ್ತದೆ. ಒತ್ತಿದಾಗ ಮೇಲ್ಮೈಯ ಕಣ್ಣಿಗೆ ಕಾಣದ ಏರುತಗ್ಗುಗಳಿಗೆ ಇಳಿದು ಹಿಡಿಯುತ್ತದೆ. ಅಂಟಿಸಿದ ಕೂಡಲೇ ಹಿಡಿತ ಪೂರ್ತಿಯಾಗಿರುವುದಿಲ್ಲ. ಒಂದೆರಡು ದಿನಗಳಲ್ಲಿ ಅದು ಬಲವಾಗುತ್ತದೆ. ಸೆಕೆಯಲ್ಲಿ, ಬಿಸಿಲಿನಲ್ಲಿ ಇಟ್ಟರೆ ಇನ್ನಷ್ಟು. ಹಲಸಿನ ಮೇಣ ಕೈಗೆ ಹತ್ತಿದ ಮರುಕ್ಷಣ ಒರೆಸಿದರೆ ಹೋದೀತು, ಸಂಜೆಗೆ ಹೋಗದು, ಹಾಗೆಯೇ ಇದು.

ಕೀಳುವಾಗ ಮೂರು ಪದರಗಳ ನಡುವೆ ಜಗ್ಗಾಟ ನಡೆಯುತ್ತದೆ. ಹಾಳೆಗೂ ಅಂಟಿಗೂ ಇರುವ ನಂಟು ಒಂದು, ಅಂಟಿಗೂ ಯಂತ್ರದ ಲೇಪಕ್ಕೂ ಇರುವುದು ಇನ್ನೊಂದು, ಲೇಪಕ್ಕೂ ಪ್ಲಾಸ್ಟಿಕ್ಕಿಗೂ ಇರುವುದು ಮತ್ತೊಂದು. ಇವುಗಳಲ್ಲಿ ಯಾವುದು ದುರ್ಬಲವೋ ಅದು ಬಿಡುತ್ತದೆ. ಎರಡನೆಯದು ಬಿಟ್ಟರೆ ಪುಣ್ಯ. ಲೇಪವೇ ದುರ್ಬಲವಾಗಿದ್ದರೆ ಅದು ಅಂಟಿನ ಜೊತೆಗೇ ಎದ್ದು ಬರುತ್ತದೆ. ರಭಸದಿಂದ ಸೆಳೆದಷ್ಟೂ ಅಂಟು ಬಿಗಿಯಾಗಿ ಹಿಡಿಯುತ್ತದೆ, ನಿಧಾನಕ್ಕೆ ಎಳೆದರೆ ಸಡಿಲುತ್ತದೆ. ಅದಕ್ಕಾಗಿ ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿಯನ್ನು ತುಸು ದೂರದಿಂದ ಹಿಡಿದು ಹದವಾಗಿ ಬೆಚ್ಚಗೆ ಮಾಡಿ, ಪೊರೆಯನ್ನು ಮೇಲಕ್ಕೆ ಸೆಳೆಯದೆ ಹಿಂದಕ್ಕೆ ಮಡಚಿದಂತೆ, ಮೈಗೆ ತಾಗಿಸಿಕೊಂಡೇ, ಅಂಗುಲ ಅಂಗುಲವಾಗಿ ಸುಲಿಯಬೇಕು. ಬಿಸಿ ಮಿತಿಮೀರಿದರೂ ಕಷ್ಟವೇ. ಆಗ ಅಂಟು ತಾನೇ ಎರಡಾಗಿ ಸೀಳಿ, ಅರ್ಧ ಹಾಳೆಯಲ್ಲಿ, ಅರ್ಧ ಯಂತ್ರದ ಮೇಲೆ ಉಳಿಯುತ್ತದೆ.

ಹಾಗೆ ಉಳಿದ ಅಂಟಿಗೆ ಏನು ಮದ್ದು ಎಂದು ಕೇಳಿದೆವು. “ತೆಂಗಿನೆಣ್ಣೆ ಮಾಮ” ಎಂದು ಹುಡುಗ ನಕ್ಕ. ಹಲಸು ಕೊಯ್ಯುವ ಮೊದಲು ಕೈಗೆ ತೆಂಗಿನೆಣ್ಣೆ ಸವರಿಕೊಳ್ಳುವುದನ್ನು ನಮ್ಮ ಅಜ್ಜಿಯಂದಿರು ಕಲಿಸಿದ್ದು ಸುಳ್ಳಲ್ಲ. ಆದರೆ ಯಂತ್ರದ ಮೇಲೆ ಎಣ್ಣೆ ಸುರಿಯಬಾರದು. ಬಟ್ಟೆಯ ತುದಿಗೆ ಒಂದು ಹನಿ ತಾಗಿಸಿ, ಗುಂಡಿಗಳ ಸಂದಿಗೆ ಇಳಿಯದಂತೆ ಒರೆಸಿ, ಮತ್ತೆ ಒಣ ಬಟ್ಟೆಯಿಂದ ಜಿಡ್ಡು ತೆಗೆಯಬೇಕು.

ಮಗ್ಗ ಹೋದ ಜಾಗದಲ್ಲಿ

ಶೆಡ್ಡಿನಲ್ಲಿ ಮೊದಲು ಎಂಟು ಮಗ್ಗಗಳಿದ್ದವು, ಈಗ ಆರು. ಎರಡನ್ನು ಗುಜರಿಗೆ ಹಾಕಿದ್ದಾರೆ. ಆ ಜಾಗದಲ್ಲಿ ಒಂದು ಮೇಜು, ಮೇಜಿನ ಮೇಲೆ ಹುಡುಗ ಅಗ್ಗಕ್ಕೆ ಕೊಂಡ ಹಾಳೆ ಕೊಯ್ಯುವ ಯಂತ್ರ. ಬಾಗಿಲು ಮುಚ್ಚಿದ ಸ್ಟಿಕ್ಕರ್ ಅಂಗಡಿಯೊಂದರದು. ಕಾಲೇಜು ಬಿಟ್ಟು ಬಂದಮೇಲೆ ಸಂಜೆ ಎರಡು ತಾಸು ಅಲ್ಲಿ ಕೆಲಸ. ಬೈಕುಗಳ ನಂಬರ್ ಪ್ಲೇಟು, ಲಾರಿಗಳ ಹೆಸರು, ಜೊತೆಗೆ ಗೆಳೆಯರ ಆಟದ ಪೆಟ್ಟಿಗೆಗಳಿಗೆ ಪೊರೆ. ಹಿಂದೆ ಮುಂದೆ ‘ರೇಡಿಯಂ ಕಟಿಂಗ್’ ಎಂಬ ಬೋರ್ಡುಳ್ಳ ಅಂಗಡಿಗಳನ್ನು ನಮ್ಮ ಪೇಟೆಗಳಲ್ಲೂ ಕಾಣಬಹುದು. ಆ ಹಾಳೆಗಳಲ್ಲಿ ರೇಡಿಯಂ ಧಾತುವೇನೂ ಇರುವುದಿಲ್ಲ. ಹೆಸರು ಮಾತ್ರ ಉಳಿದುಬಿಟ್ಟಿದೆ. ಹಾಳೆ ಪಿ.ವಿ.ಸಿ. ಎಂಬ ಪ್ಲಾಸ್ಟಿಕ್ಕಿನದು. ಲಟ್ಟಣಿಗೆಯಲ್ಲಿ ಒತ್ತಿ ಎಳೆದಂತೆ ತಯಾರಿಸಿದ ಅಗ್ಗದ ಹಾಳೆ ಕಾಲಕ್ರಮೇಣ ಕುಗ್ಗಿ ಅಂಚು ಎತ್ತುತ್ತದೆ. ದ್ರವವಾಗಿ ಹೊಯ್ದು ಆರಿಸಿದ ದುಬಾರಿಯದು ತೆಳುವಾಗಿದ್ದು ಇಟ್ಟ ಹಾಗೆ ಇರುತ್ತದೆ.

ಕೊಯ್ಯುವುದನ್ನು ನೋಡುತ್ತಾ ನಿಂತೆವು. ಹಾಳೆಯ ಹಿಂದೆ ನುಣುಪು ಕಾಗದವೊಂದಿರುತ್ತದೆಯಷ್ಟೆ. ಅಲಗು ಮೇಲಿನ ಹಾಳೆಯನ್ನು ಮಾತ್ರ ಕೊಯ್ಯಬೇಕು, ಕೆಳಗಿನ ಕಾಗದಕ್ಕೆ ಗಾಯವಾಗಬಾರದು. ಅಲಗಿನ ಆಳ ಕೂದಲೆಳೆಯಷ್ಟು ಹೆಚ್ಚಿದರೂ ಕೆಲಸ ಕೆಟ್ಟಿತು. ಕೊಯ್ದಾದ ಮೇಲೆ ಬೇಡದ ಭಾಗಗಳನ್ನು ಚಿಮುಟದಿಂದ ಎತ್ತಿ ತೆಗೆಯಬೇಕು. ಗುಂಡಿಯ ತೂತಿನ ಬಿಲ್ಲೆಗಳು, ಗಾಳಿಸೀಳುಗಳ ಎಳೆಗಳು. ಈ ಕೆಲಸವನ್ನು ಅಜ್ಜಿ ಮಾಡುತ್ತಾರೆ. ಕಡಿದ ನೂಲನ್ನು ಜೀವಮಾನವಿಡೀ ಹುಡುಕಿ ಕಟ್ಟಿದ ಬೆರಳುಗಳು ಅವು.

ಗಾಳಿಸೀಳಿನ ವಿಷಯದಲ್ಲಿ ಹುಡುಗ ಬಹಳ ಕಟ್ಟುನಿಟ್ಟು. ಈ ಯಂತ್ರದ ಬೆನ್ನಿನಿಂದ ತಂಪು ಗಾಳಿ ಒಳಹೋಗಿ ಮೇಲಂಚಿನ ಸೀಳಿನಿಂದ ಬಿಸಿಯಾಗಿ ಹೊರಬರುತ್ತದೆ. ಚಿತ್ರ ಚೆನ್ನಾಗಿ ಕಾಣಲೆಂದು ಸೀಳು ಮುಚ್ಚಿದರೆ ಯಂತ್ರಕ್ಕೆ ಉಸಿರು ಕಟ್ಟುತ್ತದೆ. “ಅರ್ಧ ಮುಖ ಹೋದರೂ ಚಿಂತೆಯಿಲ್ಲ, ಸೀಳು ಮುಚ್ಚುವುದಿಲ್ಲ” ಎಂದು ಗೆಳೆಯರಿಗೆ ಹೇಳಿಬಿಡುತ್ತಾನೆ.

ಅವನ ಇನ್ನೊಂದು ನಿಯಮ ನಮಗೆ ಹೆಚ್ಚು ಹಿಡಿಸಿತು. ಯಾರು ಯಂತ್ರ ತಂದರೂ ಅಂದೇ ಅಂಟಿಸಿ ಕೊಡುವುದಿಲ್ಲ. ಮರೆಯಾದ ಮೂಲೆಯೊಂದರಲ್ಲಿ ಬೆರಳುಗುರಿನಷ್ಟು ತುಂಡು ಅಂಟಿಸಿ ಎರಡು ದಿನ ಇಟ್ಟುಕೊಳ್ಳುತ್ತಾನೆ. ಮೂರನೆಯ ದಿನ, ತಂದವನ ಕಣ್ಣೆದುರಿಗೇ ಅದನ್ನು ಕಿತ್ತು, ಬೆಳಕಿಗೆ ಹಿಡಿದು ತೋರಿಸುತ್ತಾನೆ. ಲೇಪಕ್ಕೆ ಏನೂ ಆಗಿಲ್ಲವೆಂದಾದರೆ ಮಾತ್ರ ಕೆಲಸ. ಸಂದೇಹವಿದ್ದರೆ ಅಂಟಿನ ಸುದ್ದಿಯೇ ಬೇಡ, ಮೇಲಿಂದ ತೊಡಿಸುವ ಕವಚವೊಂದನ್ನು ಕೊಂಡುಕೋ ಎಂದು ಹಿಂದೆ ಕಳುಹಿಸುತ್ತಾನೆ. ಹೀಗೆ ಹಿಂದೆ ಹೋದ ಗಿರಾಕಿಗಳು ಎಷ್ಟು ಎಂದು ಕೇಳಿದರೆ ಅಪ್ಪನ ಕಡೆ ನೋಡಿ ಸುಮ್ಮನಾದ. “ಬಂದವರಲ್ಲಿ ಅರ್ಧಕ್ಕರ್ಧ” ಎಂದು ಅಪ್ಪನೇ ಹೇಳಿದರು. ಆ ಮಾತಿನಲ್ಲಿ ದೂರು ಇರಲಿಲ್ಲ.

ಬೇಕೇ ಈ ಶೃಂಗಾರ?

ಹಿರಿಯರು ಕೇಳುವ ಪ್ರಶ್ನೆ ಇದೆ: ಆಟವೇ ಒಂದು ಕಾಲಹರಣ, ಆಟದ ಪೆಟ್ಟಿಗೆಗೆ ಶೃಂಗಾರ ಬೇರೆ ಕೇಡೇ? ನಮಗೂ ಮೊದಲು ಹಾಗೆಯೇ ಅನ್ನಿಸಿತ್ತು. ಆದರೆ ಯೋಚಿಸಿದರೆ, ಇಟ್ಟು ಅಳಿಸುವ ಅಲಂಕಾರದಲ್ಲಿ ನಮ್ಮನ್ನು ಮೀರಿಸಿದವರು ಯಾರು? ಅಂಗಳದ ರಂಗೋಲಿ ಮರುದಿನ ಪೊರಕೆಯ ಪಾಲು. ನಮ್ಮ ತೆಂಕುತಿಟ್ಟಿನ ಬಣ್ಣದ ವೇಷಧಾರಿ ಚೌಕಿಯಲ್ಲಿ ಮೂರು ನಾಲ್ಕು ತಾಸು ಕೂತು, ಅಕ್ಕಿಹಿಟ್ಟು ಸುಣ್ಣ ಕಲಸಿದ ಚಿಟ್ಟಿಯನ್ನು ಕಡ್ಡಿಯ ತುದಿಯಿಂದ ಒಂದೊಂದಾಗಿ ಮುಖಕ್ಕೆ ಇಡುತ್ತಾನೆ. ರಂಗಸ್ಥಳದಲ್ಲಿ ಅಬ್ಬರಿಸಿ ಬಂದಮೇಲೆ ಅಷ್ಟನ್ನೂ ಕಿತ್ತು ತೊಳೆದು, ಮುಖಕ್ಕೆ ಎಣ್ಣೆ ಹಚ್ಚಿ ಮಲಗುತ್ತಾನೆ. ಮರುದಿನ ಮತ್ತೆ ಮೊದಲಿನಿಂದ. ಮುಖಕ್ಕೆ ಕೇಡಾಗದಂತೆ ತೆಗೆಯುವುದೂ ಆ ವಿದ್ಯೆಯ ಭಾಗವೇ. ಶಾಲೆ ತೆರೆದಾಗ ಪುಸ್ತಕಕ್ಕೆ ಕಂದು ಕಾಗದದ ಬೈಂಡು ಹಾಕಿ ಹೆಸರಿನ ಚೀಟಿ ಅಂಟಿಸುತ್ತಿದ್ದ ನಾವು ಇಂದಿನ ಮಕ್ಕಳಿಗೆ ಏನು ಹೇಳಬಲ್ಲೆವು? ಬೈಂಡಿನೊಳಗೆ ಪುಸ್ತಕ ಹೊಸದಾಗಿ ಉಳಿಯಲಿ, ಮುಂದಿನ ವರ್ಷ ತಮ್ಮನಿಗೋ ನೆರೆಮನೆಯವರಿಗೋ ಅರ್ಧ ಬೆಲೆಗೆ ಕೊಡಬಹುದೆಂಬ ಲೆಕ್ಕ ಅಂದೂ ಇತ್ತು. ಕರುಮತ್ತಂಪಟ್ಟಿಯ ಹುಡುಗನದೂ ಅದೇ ಲೆಕ್ಕ.

ಹಾಗೆಂದು ಎಲ್ಲವೂ ಸರಿಯೆನ್ನುವಂತಿಲ್ಲ. ರಂಗೋಲಿ ಇರುವೆಗೆ ಆಹಾರವಾಗುತ್ತದೆ, ಚಿಟ್ಟಿ ನೀರಿನಲ್ಲಿ ಕರಗುತ್ತದೆ. ಕಿತ್ತ ಪೊರೆ ಎಲ್ಲಿಗೆ ಹೋಗುತ್ತದೆ? ಅಂಟು ಮೆತ್ತಿದ ಪಿ.ವಿ.ಸಿ. ಹಾಳೆಯನ್ನು ಗುಜರಿಯವರೂ ತೆಗೆದುಕೊಳ್ಳುವುದಿಲ್ಲ. ಅದಕ್ಕೆ ಬೆಂಕಿ ಹಾಕುವುದಂತೂ ಕೂಡದು, ಪಿ.ವಿ.ಸಿ. ಸುಟ್ಟ ಹೊಗೆ ವಿಷ. ಕಸವನ್ನೆಲ್ಲ ತೋಟದ ಮೂಲೆಯಲ್ಲಿ ಉರಿಸಿಬಿಡುವ ರೂಢಿ ನಮ್ಮಲ್ಲಿ ಇರುವುದರಿಂದ ಈ ಮಾತನ್ನು ಒತ್ತಿ ಹೇಳಬೇಕಾಗಿದೆ. ತಿಂಗಳಿಗೊಂದು ಪೊರೆ ಬದಲಿಸುವ ಗೆಳೆಯನಿಗೆ ಹುಡುಗ ಕೊಟ್ಟ ಬುದ್ಧಿವಾದ: ಒಂದನ್ನೇ ಹಾಕು, ಒಳ್ಳೆಯದನ್ನು ಹಾಕು.

ಅಂಟಿಸಿದ್ದು ದೊಡ್ಡ ಪ್ರಮಾಣದಲ್ಲಿ ಕಳಚಿದ್ದನ್ನು ನಾವು ನಮ್ಮ ರಾಜ್ಯದಲ್ಲೇ ನೋಡಿದ್ದೇವೆ. ಕೇರಳದ ಟೂರಿಸ್ಟ್ ಬಸ್ಸುಗಳು ಒಂದು ಕಾಲದಲ್ಲಿ ಅಡಿಯಿಂದ ಮುಡಿಯ ತನಕ ಸ್ಟಿಕ್ಕರಿನ ಚಿತ್ರಗಳನ್ನು ಹೊತ್ತು ತಿರುಗುತ್ತಿದ್ದವು. 2022ರ ಅಕ್ಟೋಬರದಲ್ಲಿ, ಕರುಮತ್ತಂಪಟ್ಟಿಯನ್ನು ಹಾದು ಬರುವ ಇದೇ 544ನೆಯ ಹೆದ್ದಾರಿಯಲ್ಲಿ ವಡಕ್ಕಂಚೇರಿ ಸಮೀಪ ಶಾಲಾ ಮಕ್ಕಳ ಪ್ರವಾಸದ ಬಸ್ಸು ಅಪಘಾತಕ್ಕೀಡಾಗಿ ಒಂಬತ್ತು ಮಂದಿ ತೀರಿಕೊಂಡರು. ಆ ಬಳಿಕ ಬಿಳಿ ಬಣ್ಣದ ನಿಯಮ ಬಿಗಿಯಾಯಿತು. ಬಸ್ಸಿನವರು ಚಿತ್ರಗಳನ್ನು ಸುಲಿದು ತೆಗೆಯಬೇಕಾಯಿತು. ಚಿತ್ರ ಬಿಡಿಸಿದ್ದಕ್ಕೆ ಅಪಘಾತವಾಯಿತೆಂದು ನಾವು ಹೇಳುತ್ತಿಲ್ಲ. ಅಂಟಿಸುವಾಗ ಇದ್ದ ಹುಮ್ಮಸ್ಸು ಸುಲಿಯುವಾಗ ಇರುವುದಿಲ್ಲ. ಆ ಹೊತ್ತಿನ ಲೆಕ್ಕವನ್ನು ಮೊದಲೇ ಇಟ್ಟುಕೊಂಡವರು ಕಡಿಮೆ.

ದುಂಡು ಅಕ್ಷರ

ಹೊರಡುವ ಹಿಂದಿನ ಸಂಜೆ ಹುಡುಗ ನಮ್ಮ ಬಳಿ ಬಂದು ನಿಂತ. ತನ್ನ ಯಂತ್ರದ ಬಲಗಡೆಯ ಹಿಡಿಯಲ್ಲಿ ಲೇಪ ಎದ್ದುಹೋದ ಜಾಗವನ್ನು ತೋರಿಸಿದ. ಅಲ್ಲಿ ಇನ್ನು ಕೀಳಲು ಏನೂ ಉಳಿದಿಲ್ಲ, ಹಾಗಾಗಿ ಅಂಟಿಸಲು ಭಯವೂ ಇಲ್ಲ ಎಂದ. “ಅಲ್ಲೊಂದು ಮಾತು ಹಾಕಬೇಕು ಮಾಮ. ಕನ್ನಡದಲ್ಲಿ ಬರೆದುಕೊಡಿ.”

ಯಾವ ಮಾತು ಎಂದು ಕೇಳಿದೆವು. “ಅವ್ವ” ಎಂದ. ಅಜ್ಜಿಯನ್ನು ಅವನು ಕರೆಯುವುದು ಹಾಗೆ.

ಕಂಪ್ಯೂಟರಿನಲ್ಲಿ ಅವನು ಮೊದಲೇ ಪ್ರಯತ್ನಿಸಿ ಸೋತಿದ್ದ. ಆ ಹಳೆಯ ತಂತ್ರಾಂಶಕ್ಕೆ ನಮ್ಮ ಒತ್ತಕ್ಷರ ತಿಳಿಯದು. ‘ವ್ವ’ ಎಂದು ಕೊಟ್ಟರೆ ಎರಡು ‘ವ’ಗಳನ್ನು ಪಕ್ಕಪಕ್ಕದಲ್ಲಿ ನಿಲ್ಲಿಸಿ ನಡುವೆ ಏನೋ ಒಂದು ಗುರುತು ಹಾಕುತ್ತಿತ್ತು. ಅದು ತಪ್ಪೋ ಸರಿಯೋ ಎಂದು ಹೇಳಬಲ್ಲವರು ಮನೆಯಲ್ಲಿ ಯಾರೂ ಇರಲಿಲ್ಲ. ಕೊನೆಗೆ ಅಜ್ಜ ಸೀರೆಯ ಅಂಚಿನ ವಿನ್ಯಾಸ ಬರೆಯಲು ಇಟ್ಟುಕೊಂಡಿದ್ದ ಹಳೆಯ ಚೌಕಳಿ ಕಾಗದ ತಂದರು. ಅದರ ಮೇಲೆ ನಾವು ದಪ್ಪ ಪೆನ್ಸಿಲಿನಿಂದ ಎರಡಕ್ಷರ ಬರೆದುಕೊಟ್ಟೆವು. ಹುಡುಗ ಅದರ ಫೋಟೊ ತೆಗೆದು ಕೊಯ್ಯುವ ಯಂತ್ರಕ್ಕೆ ಕೊಟ್ಟ.

ಕೊಯ್ದು ಬಂದ ಅಕ್ಷರಗಳನ್ನು ಕೈಯಲ್ಲಿ ಹಿಡಿದು ಅವನು ಮೆಚ್ಚಿಕೊಂಡ. ಅಂಟುಹಾಳೆಯಲ್ಲಿ ಮೊದಲು ಏಳುವುದು ಚೂಪಾದ ಮೂಲೆ. ಬೆರಳಿನ ಉಜ್ಜಾಟಕ್ಕೆ, ಬಟ್ಟೆಯ ಎಳೆಗೆ ಸಿಗುವುದು ಅದೇ. ಅದಕ್ಕಾಗಿ ಬಲ್ಲವರು ಮೂಲೆಗ���ನ್ನು ದುಂಡಗೆ ಕೊಯ್ಯುತ್ತಾರೆ. “ಈ ಅಕ್ಷರಕ್ಕೆ ಮೂಲೆಯೇ ಇಲ್ಲವಲ್ಲ ಮಾಮ, ಇದು ಬೇಗ ಏಳುವುದಿಲ್ಲ” ಎಂದ. ಐವತ್ತು ವರ್ಷಗಳಿಂದ ಈ ಅಕ್ಷರಗಳನ್ನು ಬರೆಯುತ್ತಾ ಬಂದ ನಮಗೆ ಈ ಗುಣ ಹೊಳೆದಿರಲಿಲ್ಲ. ಒತ್ತಕ್ಷರ ಮಾತ್ರ ಬೇರೆಯೇ ತುಂಡು. ಜಾಗ ತಪ್ಪಬಾರದೆಂದು ಮೇಲಿನಿಂದ ಪಾರದರ್ಶಕ ಪಟ್ಟಿ ಹಚ್ಚಿ ಎರಡನ್ನೂ ಒಟ್ಟಿಗೆ ಎತ್ತಿ ಕೂರಿಸಬೇಕಾಯಿತು.

ಕೂರಿಸುವ ಮುನ್ನ ಅವನು ತಡೆದು ನಿಂತು, ಸಣ್ಣ ದನಿಯಲ್ಲಿ ಕೇಳಿದ: “ಇದರಲ್ಲಿ ಮೇಲು ಯಾವುದು ಮಾಮ?”

ನಮಗೆ ಒಂದು ಕ್ಷಣ ಉತ್ತರ ಬರಲಿಲ್ಲ. ದಿನಕ್ಕೆ ನೂರು ಸಲ ಆ ಮಾತನ್ನು ಬಾಯಲ್ಲಿ ಆಡುವ ಹುಡುಗ. ಬೆರಳಿಟ್ಟು ತೋರಿಸಿದೆವು. ಅವನು ಮೆಲ್ಲನೆ ಇಟ್ಟು, ಬಟ್ಟೆಯಿಂದ ನಡುವಿನಿಂದ ಅಂಚಿಗೆ ಒತ್ತಿ, ಪಟ್ಟಿಯನ್ನು ಹಿಂದಕ್ಕೆ ಮಡಚಿ ಸುಲಿದ. ಲೇಪ ಹೋದ ಕಲೆ ಮುಚ್ಚಿಹೋಯಿತು. ಆಮೇಲೆ ಅದೇ ಕಾಗದದ ಇನ್ನೊಂದು ಮೂಲೆಯಲ್ಲಿ ‘ಅ’ದಿಂದ ‘ಅಃ’ದವರೆಗೆ ಬರೆದುಕೊಡಿರೆಂದು ಕೇಳಿದ. ಬರೆದುಕೊಟ್ಟೆವು. ಇನ್ನೊಂದು ಸಲ ಬರುವಾಗ ಒಂದನೆಯ ತರಗತಿಯ ಕನ್ನಡ ಪುಸ್ತಕ ತರುತ್ತೇವೆಂದು ಮಾತನ್ನೂ ಕೊಟ್ಟೆವು.

ಮರುದಿನ ಬೆಳಿಗ್ಗೆ ಬಸ್ಸಿನ ಹೊತ್ತಿಗೆ ಮನೆಯವರೆಲ್ಲ ಅಂಗಳಕ್ಕೆ ಬಂದರು. ಅಜ್ಜಿ ಮಾತ್ರ ಒಳಗೇ ಇದ್ದರು. ಕನ್ನಡಿಯ ಚೌಕಟ್ಟಿನ ಅಂಚಿನುದ್ದಕ್ಕೂ ಕೆಂಪು ಸ್ಟಿಕ್ಕರ್ ಬೊಟ್ಟುಗಳ ಸಾಲು. ಅದರಿಂದ ಒಂದನ್ನು ಉಗುರಿನಲ್ಲಿ ನಿಧಾನವಾಗಿ ಎಬ್ಬಿಸಿ, ಹಣೆಗೆ ಇಟ್ಟು ಒತ್ತಿಕೊಂಡು, ನಮ್ಮನ್ನು ಕಳುಹಿಸಿಕೊಡಲು ಬಾಗಿಲಿಗೆ ಬಂದರು. ಕನ್ನಡಿಯ ಮೇಲೆ ಒಂದು ಕಲೆಯೂ ಉಳಿದಿರಲಿಲ್ಲ.